ಗೇಮ್, ಕಾಮಿಕ್ಸ್ ಬಳಗಗಳಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಪರೀಕ್ಷೆ ಏಕೆ?

ವಿರಾಜಪೇಟೆಯಲ್ಲಿ ಓದುತ್ತಿರುವ ನೀವು ಕೇಳಿರುವುದು ಇಷ್ಟು: ಗೇಮ್ ಮತ್ತು ವೈಜ್ಞಾನಿಕ ಕಥೆಗಳ ಬಳಗಕ್ಕೆ ಸೇರಿದಾಗಿನಿಂದ ಅಲ್ಲಿನ ಹುಡುಗರು ನಿಮ್ಮನ್ನು ಶೋಕಿಗೆ ಬಂದವಳೆಂದು ತಿಳಿದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ, ಇನ್ನಷ್ಟು ಓದಿಕೊಂಡು ಹೋದರೆ ಇದು ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಮಡಿಕೇರಿಯಲ್ಲಿ ಕುಳಿತೇ ಇಂಥ ಬಳಗಗಳಲ್ಲಿ ಹಲವು ವರ್ಷ ಕಳೆದವಳಾಗಿ ಇದನ್ನು ಹೇಳುತ್ತಿದ್ದೇನೆ.

ಆ ಪರೀಕ್ಷೆ ನಡೆಯುವ ರೀತಿಯನ್ನು ಗಮನಿಸಿ. ಹೊಸ ಹುಡುಗನೊಬ್ಬ ತನಗೆ ಒಂದು ಸರಣಿ ಇಷ್ಟವೆಂದರೆ ಎಲ್ಲಿಯವರೆಗೆ ನೋಡಿದ್ದೀಯೆಂದು ಕೇಳಿ ಅವನನ್ನು ಮಾತಿಗೆ ಎಳೆದುಕೊಳ್ಳುತ್ತಾರೆ. ಅದನ್ನೇ ಹುಡುಗಿ ಹೇಳಿದರೆ, ಯಾವುದೋ ಸಣ್ಣ ಪಾತ್ರದ ಹೆಸರು ಹೇಳು ನೋಡೋಣ ಎನ್ನುತ್ತಾರೆ. ಹೇಳಿದರೆ ಇನ್ನೂ ಕಠಿಣವಾದ ಪ್ರಶ್ನೆ ಬರುತ್ತದೆ. ಅದಕ್ಕೂ ಉತ್ತರಿಸಿದರೆ ಗೂಗಲ್ ಮಾಡಿದ್ದಾಳೆ, ಇಲ್ಲವೇ ಅಣ್ಣ ಹೇಳಿಕೊಟ್ಟಿದ್ದಾನೆ ಎಂಬ ತೀರ್ಮಾನ. ನಾಲ್ವರ ತಂಡದ ಆಟವೊಂದರಲ್ಲಿ ನಾನು ಮೈಕ್ ಆನ್ ಮಾಡದೆ ಇದ್ದಷ್ಟು ಹೊತ್ತು ನನ್ನ ಸೂಚನೆಗಳನ್ನು ಎಲ್ಲರೂ ಪಾಲಿಸುತ್ತಿದ್ದರು. ಬಲಗಡೆಯ ಮನೆಯಲ್ಲಿ ಶತ್ರುವಿದ್ದಾನೆಂದು ಬಾಯಿಬಿಟ್ಟು ಹೇಳಿದ ಕ್ಷಣವೇ ಒಬ್ಬ ನಕ್ಕ, ಇನ್ನೊಬ್ಬ ನನ್ನ ಊರು, ವಯಸ್ಸು ವಿಚಾರಿಸತೊಡಗಿದ. ನಾನು ಗುಂಡು ತಿಂದು ಬಿದ್ದಾಗ ಪಕ್ಕದಲ್ಲೇ ಇದ್ದವನು ರಿವೈವ್ ಮಾಡದೆ, ಅಂದರೆ ನನ್ನನ್ನು ಎಬ್ಬಿಸಿ ಮತ್ತೆ ಆಟಕ್ಕೆ ತಾರದೆ, ಮುಂದೆ ಓಡಿದ. ಆಟದ ಜ್ಞಾನ ಮೊದಲಿದ್ದಷ್ಟೇ ಇತ್ತು. ಅವರಿಗೆ ಹೊಸದಾಗಿ ಗೊತ್ತಾದದ್ದು ನಾನು ಹೆಣ್ಣೆಂಬುದು ಮಾತ್ರ.

ಹೆಂಗಸರು ಈ ಲೋಕಕ್ಕೆ ತಡವಾಗಿ ಬಂದ ಅತಿಥಿಗಳು ಎಂಬ ನಂಬಿಕೆ ಇದರ ಹಿಂದಿದೆ, ಮತ್ತು ಅದು ಶುದ್ಧ ಸುಳ್ಳು. ಅಮೆರಿಕದ ವೈಜ್ಞಾನಿಕ ಕಥೆಯ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್ ಎರಡನೆಯ ಸೀಸನ್ನಿಗೇ ನಿಂತುಹೋಗುವ ಸ್ಥಿತಿಯಲ್ಲಿದ್ದಾಗ, 1967-68ರಲ್ಲಿ ಪತ್ರ ಚಳವಳಿ ಸಂಘಟಿಸಿ ಅದನ್ನು ಉಳಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಬಿಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್. ಅದೇ ಧಾರಾವಾಹಿಯ ಅಭಿಮಾನಿ ಪತ್ರಿಕೆ 'ಸ್ಪಾಕನೇಲಿಯಾ'ವನ್ನು 1967ರಲ್ಲಿ ಹೊರತಂದವರೂ ಹೆಂಗಸರೇ. ಕ್ಯಾರಲ್ ಶಾ 1982ರಲ್ಲಿ ಆಕ್ಟಿವಿಷನ್ ಕಂಪನಿಗಾಗಿ 'ರಿವರ್ ರೇಡ್' ಎಂಬ ವಿಡಿಯೊ ಗೇಮ್ ರೂಪಿಸಿದರು. ನನ್ನನ್ನು ಹೆಚ್ಚು ಕಾಡುವ ಉದಾಹರಣೆ ವೈಜ್ಞಾನಿಕ ಕಥೆಗಾರ್ತಿ ಆಲಿಸ್ ಶೆಲ್ಡನ್ ಅವರದು. ಅವರು ಜೇಮ್ಸ್ ಟಿಪ್ಟ್ರೀ ಜೂನಿಯರ್ ಎಂಬ ಗಂಡಸಿನ ಹೆಸರಿನಲ್ಲಿ ಬರೆಯುತ್ತಿದ್ದರು. 1975ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಅವರಂಥ ಹಿರಿಯ ಲೇಖಕರೇ, ಟಿಪ್ಟ್ರೀ ಹೆಣ್ಣಿರಬಹುದೆಂಬ ಗುಮಾನಿಯನ್ನು ತಳ್ಳಿಹಾಕಿ, ಆ ಬರಹದಲ್ಲಿ ಗಂಡಸುತನ ಎದ್ದು ಕಾಣುತ್ತದೆಂದು ಮುನ್ನುಡಿ ಬರೆದರು; 1977ರ ಹೊತ್ತಿಗೆ ನಿಜ ಹೊರಬಿತ್ತು. ಕಥೆಗಳು ಬದಲಾಗಿರಲಿಲ್ಲವಷ್ಟೇ.

ನಮ್ಮ ಕೊಡಗಿನಲ್ಲೇ ಬೇರೊಂದು ಕ್ರಮ ಕಣ್ಣೆದುರಿಗಿದೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಹೆಣ್ಣುಮಕ್ಕಳೂ ಗಂಡಸರ ಜೊತೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಇಳಿಯುತ್ತಾರೆ. ಒಕ್ಕದವರಾದರೆ, ಅಂದರೆ ಆ ಕುಟುಂಬಕ್ಕೆ ಸೇರಿದವರಾದರೆ, ಸಾಕು; ಆಫ್‌ಸೈಡ್ ನಿಯಮ ಯಾವ ವರ್ಷ ರದ್ದಾಯಿತೆಂದು ಕೇಳಿ ಯಾರೂ ಅವರನ್ನು ಗೆರೆಯಾಚೆ ನಿಲ್ಲಿಸುವುದಿಲ್ಲ. ಕೊಡಗಿನಲ್ಲಿ ತಾರತಮ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೈದಾನದಲ್ಲಿ ಅಕ್ಕತಂಗಿಯರಿಗೆ ಪಾಸ್ ಕೊಡುವ ಹುಡುಗರೇ ಫೋನಿನಲ್ಲಿ ಹೀಗಾಗುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇದನ್ನು ತಮಾಷೆಯೆಂದು ಬಿಡಿ ಎನ್ನುವವರಿಗೆ 2014ರ ಗೇಮರ್‌ಗೇಟ್, ಅಂದರೆ ಗೇಮ್ ಲೋಕದ ಹೆಂಗಸರ ಮೇಲೆ ಅಂತರ್ಜಾಲದಲ್ಲಿ ಗುಂಪುಗಟ್ಟಿ ನಡೆಸಿದ ಕಿರುಕುಳವನ್ನು, ನೆನಪಿಸಬೇಕು. ಆ ಅಕ್ಟೋಬರಿನಲ್ಲಿ ಅಮೆರಿಕದ ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಮಾತನಾಡಬೇಕಿದ್ದ ಗೇಮ್ ವಿಮರ್ಶಕಿ ಅನಿತಾ ಸರ್ಕೀಸಿಯನ್, ಸಾಮೂಹಿಕ ಹತ್ಯೆಯ ಬೆದರಿಕೆ ಬಂದರೂ ಸಭೆಗೆ ಬಂದೂಕು ತರುವುದನ್ನು ಅಲ್ಲಿನ ಕಾನೂನಿನಿಂದಾಗಿ ತಡೆಯಲಾಗದೆಂದು ತಿಳಿದು, ಭಾಷಣವನ್ನೇ ರದ್ದುಮಾಡಬೇಕಾಯಿತು.

ಆದ್ದರಿಂದ ರಸಪ್ರಶ್ನೆಗೆ ತಯಾರಾಗಬೇಡಿ. ಪ್ರಶ್ನೆ ಬಂದಾಗ, ಇದನ್ನು ನಿನ್ನೆ ಸೇರಿದ ಹುಡುಗನಿಗೂ ಕೇಳಿದ್ದಿರಾ ಎಂದು ಎಲ್ಲರೆದುರು ಕೇಳಿ. ಬಳಗದಲ್ಲಿ ಸಜ್ಜನರೂ ಇರುತ್ತಾರೆ, ಆದರೆ ಅವರು ಸುಮ್ಮನಿರುವುದರಿಂದಲೇ ಇದು ನಡೆಯುತ್ತದೆ. ಅಡ್ಮಿನ್‌ಗೆ ಸ್ಕ್ರೀನ್‌ಶಾಟ್ ಸಹಿತ ಬರೆದು, ಅವರ ನಿಲುವೇನೆಂದು ನೇರವಾಗಿ ಕೇಳಿ. ಬೇಡವೆಂದರೂ ಯಾರಾದರೂ ಬೆನ್ನುಹತ್ತಿ ಸಂದೇಶ ಕಳುಹಿಸುತ್ತಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಅಡ್ಮಿನ್ ಕೂಡ ನಕ್ಕು ಸುಮ್ಮನಾದರೆ ಆ ಬಳಗದಲ್ಲಿ ಉಳಿಯಬೇಕಾದ ಅಗತ್ಯವೇ ಇಲ್ಲ. ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯ ಕೆಲವು ಹೆಣ್ಣುಮಕ್ಕಳು ಸೇರಿ ನಾವು ಶನಿವಾರ ರಾತ್ರಿ, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಇದ್ದರೆ, ಆಡುತ್ತೇವೆ. ಬರುವುದಾದರೆ ನನಗೊಂದು ಸಂದೇಶ ಕಳುಹಿಸಿ.