ಬೆಕ್ಕಿಗೂ ಕೂಗುವ ಸೈರನ್

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಮನೆಗೆ ಸ್ಮಾರ್ಟ್ ಭದ್ರತಾ ವ್ಯವಸ್ಥೆ ಹಾಕಿಸಿದ್ದೇವೆ. ಅಂಗಳದಲ್ಲಿ ಬೆಕ್ಕು ಸುಳಿದರೂ ಸೈರನ್ ಕೂಗುತ್ತದೆ; ಮಳೆಗಾಲದಲ್ಲಿ ಕರೆಂಟು ಹೋದರೆ ಎಲ್ಲವೂ ಸ್ತಬ್ಧ. ನಿಯಮಗಳನ್ನು ಹೇಗೆ ಹೊಂದಿಸಬೇಕು?

ಉತ್ತರ: ಚಲನೆಯ ಸೆನ್ಸರ್ ಕಳ್ಳನನ್ನು ಗುರುತಿಸುವುದಿಲ್ಲ, ತನ್ನೆದುರಿನ ಅವಕೆಂಪು (ಶಾಖದ) ಕಿರಣಗಳಲ್ಲಾಗುವ ಬದಲಾವಣೆಯನ್ನಷ್ಟೇ ಅರಿಯುತ್ತದೆ. ಬೆಕ್ಕೇಕೆ, ಅಡಿಕೆ ಬೇಯಿಸುವ ಒಲೆ ಎದುರಿಗಿದ್ದರೂ ಅದು ಮೋಸಹೋದೀತು. ಇಂಥ ಸೆನ್ಸರಿಗೆ ಸೈರನ್ನನ್ನು ನೇರವಾಗಿ ಜೋಡಿಸಿದ್ದೇ ತಪ್ಪು. ಅಂಗಳದ ಚಲನೆಗೆ ಜಗಲಿಯ ದೀಪ ಹೊತ್ತಿಕೊಂಡರೆ ಸಾಕು. ರಾತ್ರಿ 10ರಿಂದ ಬೆಳಗಿನ 5ರ ನಡುವೆ ಹಿತ್ತಿಲ ಬಾಗಿಲಿನ ಆಯಸ್ಕಾಂತದ ಸೆನ್ಸರ್ ‘ತೆರೆದಿದೆ’ ಎಂದು ತಿಳಿಸಿ, ಅನಂತರದ 30 ಸೆಕೆಂಡಿನೊಳಗೆ ಪಡಸಾಲೆಯಲ್ಲೂ ಚಲನೆ ಕಂಡುಬಂದರೆ ಮಾತ್ರ ಸೈರನ್ ಕೂಗುವಂತೆ ನಿಯಮ ರೂಪಿಸಿರಿ. ನಸುಕಿನಲ್ಲಿ ಹಾಲು ಕರೆಯಲು ಏಳುವವರಿದ್ದರೆ ಆ ಅವಧಿಯನ್ನು 4ಕ್ಕೇ ಮುಗಿಸುವುದು ಒಳಿತು.

ನಿಯಮಗಳು ಕ್ಲೌಡ್‌ನಲ್ಲಿ, ಎಂದರೆ ದೂರದ ಸರ್ವರ್‌ಗಳಲ್ಲಿ, ನಡೆಯುವಂತಿದ್ದರೆ ಇಂಟರ್ನೆಟ್ ಕಡಿದೊಡನೆ ಅವೂ ನಿಲ್ಲುತ್ತವೆ. ಆದ್ದರಿಂದ ಮನೆಯೊಳಗಿನ ಹಬ್‌ನಲ್ಲೇ (ಸೆನ್ಸರುಗಳನ್ನೆಲ್ಲ ಜೋಡಿಸುವ ಕೇಂದ್ರ ಸಾಧನ) ನಡೆಯುವ ಜಿಗ್‌ಬೀ (ಸಾಧನಗಳ ನಡುವಿನ ಒಂದು ಬಗೆಯ ನಿಸ್ತಂತು ಸಂಪರ್ಕ) ವ್ಯವಸ್ಥೆಯೇ ಮಲೆನಾಡಿನ ಮಳೆಗೆ ತಕ್ಕದ್ದೆಂದು ನನ್ನ ಅಭಿಪ್ರಾಯ. ಕರೆಂಟು ಹೋದಾಗಲೂ ನಡೆಯುವಂತೆ ಹಬ್, ರೂಟರ್, ಸೈರನ್ ಮೂರನ್ನೂ ಯುಪಿಎಸ್‌ಗೆ ಸೇರಿಸಿರಿ. ಮೊದಲ ಒಂದು ವಾರ ಸೈರನ್ನಿನ ಬದಲು ಮೊಬೈಲಿಗೆ ಸಂದೇಶ ಬರುವಂತಿಟ್ಟು ಪರೀಕ್ಷಿಸಿರಿ.