ಪತಂಗ ಬೀಳ್ತಾವ, ಹುಳ ಮಾತ್ರ ಹೋಗವಲ್ದು

ಪ್ರಶ್ನೆ: ಸರ, ಹತ್ತಿ ಹೊಲದಾಗ ಗುಲಾಬಿ ಕಾಯಿಕೊರಕಕ್ಕಂತ ಎಕರೆಗೆ 2 ಮೋಹಕ ಬಲೆ ಕಟ್ಟೀವಿ. ದಿನಾ ಪತಂಗ ಬೀಳ್ತಾವ, ಆದ್ರ ಕಾಯಿ ಒಡದು ನೋಡಿದ್ರ ಒಳಗ ಹುಳ ಇದ್ದೇ ಇರ್ತಾವ. ಬಲೆಯೊಳಗ ಹಾಕೋ ರಬ್ಬರ್ ತುಣುಕು, ಲೂರ್ ಅಂತಾರಲ್ಲ, ಅದು ಡುಪ್ಲಿಕೇಟ್ ಏನ್ರಿ? (ರಾಯಚೂರು ತಾಲೂಕಿನ ರೈತರು)

ಉತ್ತರ: ಡುಪ್ಲಿಕೇಟ್ ಅಲ್ರಿ ಅಣ್ಣಾರ, ಪತಂಗ ಬೀಳಾಕತ್ಯಾವ ಅಂದ್ರ ಲೂರ್ ತನ್ನ ಕೆಲಸ ಮಾಡಾಕತ್ತೈತಿ, ಆದ್ರ ಅದರ ಕೆಲಸ ನೀವು ತಿಳಕೊಂಡಿದ್ದಲ್ಲ ಅಷ್ಟ. ಆ ರಬ್ಬರ್ ತುಣುಕಿನಾಗ ಇರೋದು ಹೆಣ್ಣು ಪತಂಗದ ವಾಸನಿ, ಫೆರೊಮೋನ್ ಅಂತಾರಲ್ಲ ಅದು. ರಾತ್ರಿ ಹೆಣ್ಣು ಒಂದು ಕಡೆ ಕುಂತು ಈ ವಾಸನಿ ಗಾಳಿಗೆ ಬಿಡ್ತೈತಿ, ಗಂಡು ಅದನ್ನ ಹಿಡಕೊಂಡು ಗಾಳಿಗೆ ಎದುರು ಹಾರಿ ಬರ್ತೈತಿ, ಹಂಗಾಗಿ ನಿಮ್ಮ ಟ್ರ್ಯಾಪಿಗೆ ಬೀಳೋವು ಬರೇ ಗಂಡು. ತತ್ತಿ ಇಡೋ ಹೆಣ್ಣು ಹೊಲದಾಗ ಆರಾಮ ಅದಾವ, ಉಳದ ಒಂದೊಂದು ಗಂಡು ಹಲವು ಹೆಣ್ಣಿನ ಜೋಡಿ ಕೂಡ್ತೈತಿ, ಇನ್ನ ಎರಡು ಟ್ರ್ಯಾಪಿಲೆ ಸಂತಾನ ನಿಲ್ಲತೈತಿ ಅಂದ್ರ ಹೆಂಗ?

ಟ್ರ್ಯಾಪ್ ಇರೋದು ಲೆಕ್ಕಕ್ಕ. ಒಂದು ಟ್ರ್ಯಾಪಿಗೆ ರಾತ್ರಿಗೆ 8 ಪತಂಗದಂಗ ಸತತ 3 ರಾತ್ರಿ ಬಿದ್ರ ಎಣ್ಣಿ (ಕೀಟನಾಶಕ) ಹೊಡಿಯೋ ಟೈಮ್ ಬಂತು ಅಂತ. ಯಾಕ ಅಷ್ಟು ಅರ್ಜೆಂಟ್ ಅಂದ್ರ ತತ್ತಿ ಒಡದು ಬಂದ ಮರಿಹುಳ ಹೊರಗ ಭಾಳೊತ್ತು ಇರಂಗಿಲ್ಲ, ಹೂವಿನಾಗೋ ಕಾಯಿಯಾಗೋ ಕೊರದು ಒಳಗ ಸೇರ್ತೈತಿ, ಆಮ್ಯಾಲೆ ನೀವು ಎಷ್ಟು ತುಟ್ಟಿ ಎಣ್ಣಿ ಹೊಡದ್ರೂ ಎಲಿ ತೊಳದಂಗ ಅಷ್ಟ. ಟ್ರ್ಯಾಪ್ ಮಾರೋರು ಇದನ್ನ ಮೊದಲ ಹೇಳಬೇಕು, ಹೇಳಂಗಿಲ್ಲ.

ಒಂದು ಹುಳದ ಲೂರ್ ಇನ್ನೊಂದಕ್ಕ ನಡಿಯಂಗಿಲ್ಲ ಅನ್ನೋದೂ ನೆನಪಿರ್ಲಿ. ಗುಲಾಬಿ ಹುಳದ್ದು ಗಾಸಿಪ್ಲೂರ್, 1973ರಾಗ ಪತ್ತಿ ಆಗಿದ್ದು, ಹಸಿರು ಕಾಯಿಕೊರಕದ ಗಂಡು ಅದರ ಕಡೆ ಹೊಳ್ಳಿ ಸೈತ ನೋಡಂಗಿಲ್ಲ. ಇಂಥಾ ವಾಸನಿಯೊಳಗ ಏನೈತಿ ಅಂತ ಮೊದಲ ಸಲ ಗೊತ್ತಾಗಿದ್ದು 1959ರಾಗ, ಜರ್ಮನಿಯ ವಿಜ್ಞಾನಿ ಬುಟೆನಾಂಟ್ ಅವರು ಸುಮಾರು 5 ಲಕ್ಷ ರೇಷ್ಮಿ ಪತಂಗ ಹಿಡದು ತಗದ್ರ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ!

ವಾಸನಿಲೆನ ಹುಳ ಕಟ್ಟಿಹಾಕೋ ದಾರಿನೂ ಐತಿ. ಹೊಲದ ತುಂಬ ಅದ ವಾಸನಿ ಹರಡಿದ್ರ ಗಂಡಿಗೆ ಹೆಣ್ಣು ಎಲ್ಲೈತಿ ತಿಳಿಯಂಗಿಲ್ಲ. ಅಮೆರಿಕಾದಾಗ ಇದರ ಜೋಡಿ ಬಿಟಿ ಹತ್ತಿ, ಬಂಜೆ ಪತಂಗ ಬಿಡೋದು ಎಲ್ಲಾ ಕೂಡಿಸಿ ಮಾಡಿ 2018ರಾಗ ಅಲ್ಲಿನ ಹತ್ತಿ ಸೀಮಿಯಿಂದ ಈ ಹುಳ ಹೋತು ಅಂತ ಘೋಷಣೆ ಮಾಡಿದ್ರು. ಆದ್ರ ನೀವೊಬ್ಬರ ನಾಕು ಎಕರೆದಾಗ ಮಾಡಿದ್ರ ಪಕ್ಕದ ಹೊಲದಾಗ ಕೂಡಿದ ಹೆಣ್ಣು ಹಾರಿ ಬಂದು ನಿಮ್ಮಲ್ಲಿ ತತ್ತಿ ಇಡ್ತೈತಿ, ಊರೆಲ್ಲಾ ಕೂಡಿ ಮಾಡಬೇಕು. ಅದಕ್ಕಿಂತ ಮೊದಲ, ಬೆಳಿ ಮುಗದ ಮ್ಯಾಲೂ ಹತ್ತಿ ಕಟಗಿ ಹೊಲದಾಗ ನಿಲ್ಲಿಸೋದು ಬಿಡ್ರಿ, ಹುಳ ಅದರಾಗ ಉಳಕೋತೈತಿ.

ಪ್ರಶ್ನೆ: ಆನೆಗೊಂದಿ ಕಡೆ ಬಂಡೆಗಲ್ಲಿಗೆ ಹೆಜ್ಜೇನು ಕಟ್ಟಿರ್ತಾವ. ಒಂದು ಕಚ್ಚಿದ್ರ ಎಲ್ಲಾವೂ ಯಾಕ ಬರ್ತಾವ? (ಗಂಗಾವತಿಯ ವಿದ್ಯಾರ್ಥಿ)

ಉತ್ತರ: ತಮ್ಮಾ, ಅದು ಮುಳ್ಳು ಬಿಟ್ಟು ಹೋಗೂವಾಗ ವಾಸನಿನೂ ಬಿಟ್ಟು ಹೋಗಿರ್ತೈತಿ. ಅದರಾಗ ಐಸೊಪೆಂಟೈಲ್ ಅಸಿಟೇಟ್ ಇರ್ತೈತಿ, ಬಾಳೆಹಣ್ಣಿನ ಎಸೆನ್ಸ್ ವಾಸನಿ ಬರ್ತೈತಲ್ಲ ಅದ, ಉಳಿದ ಹುಳಕ್ಕ ಇಲ್ಲೇ ಕಚ್ರಿ ಅಂತ ಗುರುತು. ಹೆಜ್ಜೇನಿನಾಗ ಇದರ ಜೋಡಿ ಲಗೂನ ಆರದ ಇನ್ನೊಂದು ರಾಸಾಯನಿಕ ಬ್ಯಾರೆ ಇರ್ತೈತಿ, ಅದಕ್ಕ ಅದರ ಸಿಟ್ಟು ಭಾಳೊತ್ತು ಇಳಿಯಂಗಿಲ್ಲ. ಕೈ ಬೀಸಿ ಹೊಡಿಯಾಕ ಹೋಗಬ್ಯಾಡ, ಓಡಿ ಮನಿನೋ ಗಾಡಿನೋ ಸೇರಿ ಬಾಗಲಾ ಹಾಕ್ಕೋ, ಆಮ್ಯಾಲೆ ಮುಳ್ಳು ಉಗುರಿಲೆ ಕೆರದು ತಗಿ. ಭಾಳ ಕಚ್ಚಿದ್ರ ಇಲ್ಲಾ ಉಸಿರು ಕಟ್ಟಿದಂಗಾದ್ರ ಸೀದಾ ದವಾಖಾನಿಗೆ ಹೋಗು.

ಪ್ರಶ್ನೆ: ಎಕ್ಕದ ಗಿಡಕ್ಕ ದನ ಬಾಯಿ ಹಾಕಂಗಿಲ್ಲ, ಹಳದಿ-ನೀಲಿ ಮಿಡತಿ ಮಾತ್ರ ಎಲಿ ಖಾಲಿ ಮಾಡ್ತಾವ. ಅದಕ್ಕ ಏನೂ ಆಗಂಗಿಲ್ಲೇನ್ರಿ? (ಬಳ್ಳಾರಿ ಓದುಗರು)

ಉತ್ತರ: ಆಗಂಗಿಲ್ಲ ಅಕ್ಕಾರ, ಅದಕ್ಕ ಲಾಭನ ಐತಿ. ಎಕ್ಕದ ಹಾಲಿನಾಗ ಹೃದಯದ ಬಡಿತ ಕೆಡಿಸೋ ವಿಷ ಇರ್ತೈತಿ, ಈ ಮಿಡತಿ ಅದನ್ನ ಮೈಯಾಗ ಕೂಡಿಸಿಟ್ಟು, ಯಾರರ ಹಿಡದ್ರ ಪಿಚಕ್ ಅಂತ ಹಾರಸ್ತೈತಿ. ಆ ಬಣ್ಣ ಇರೋದೂ ನನ್ನ ಮುಟ್ಟಬ್ಯಾಡ ಅಂತ ಹೇಳಾಕ. ಎಕ್ಕದ ಮ್ಯಾಲೆ ಬೆಳೆಯೋ ಕೇಸರಿ ಬಣ್ಣದ ಚಿಟ್ಟಿದೂ ಇದ ಕಥಿ. ಮಜಾ ಅಂದ್ರ ಇನ್ನೊಂದು ಚಿಟ್ಟಿ ಐತಿ, ಅದರ ಹೆಣ್ಣು ವಿಷ ತಿನ್ನಂಗಿಲ್ಲ ಏನಿಲ್ಲ, ಬಣ್ಣ ಮಾತ್ರ ಥೇಟ್ ಇದರದ್ದ, ಪಕ್ಷಿಗಳು ಮೋಸ ಹೋಗಿ ಅದನ್ನೂ ಬಿಡ್ತಾವ. ಶನಿವಾರ ಹನುಮಪ್ಪಗ ಎಕ್ಕದ ಹಾರ ಕಟ್ಟೋರು ಹಾಲು ಕಣ್ಣಿಗೆ ಬೀಳದಂಗ ನೋಡ್ಕೋರಿ, ದೃಷ್ಟಿಗೇ ಪೆಟ್ಟು.

ಪ್ರಶ್ನೆ: ಮೆಣಸಿನಕಾಯಿ ಖಾರ ಗಿಣಿಗೆ ಯಾಕ ಹತ್ತಂಗಿಲ್ಲ? (ಸಿಂಧನೂರು)

ಉತ್ತರ: ಖಾರ ಅನಿಸೋ ನರದ ಬಾಗಲಾ ನಮಗೂ ಇಲಿಗೂ ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ತಾಕಿದ ಕೂಡ್ಲೆ ತಗಿತೈತಿ, ಪಕ್ಷಿಗಳಿಗೆ ತಗಿಯಂಗಿಲ್ಲ. ಇಲಿ ಬೀಜ ಅಗದು ಹಾಳು ಮಾಡ್ತೈತಿ, ಕಾಡು ಮೆಣಸಿನಕಾಯಿ ನುಂಗಿದ ಪಕ್ಷಿ ಬೀಜ ದೂರ ಒಯ್ದು ಹಿಕ್ಕಿ ಹಾಕ್ತೈತಿ, ಗಿಡಕ್ಕ ಬೇಕಾಗಿದ್ದೂ ಅದ. ಅಂದಂಗ ಗಿಣಿ ಕಾಟಕ್ಕ ಖಾರದ ನೀರು ಹೊಡಿಯೋರು ಇದ್ರ ದುಡ್ಡು ಉಳಿಸ್ರಿ, ನೆಟ್ ಹಾಕ್ರಿ.