ಗಂಡ ಬಿಟ್ಟರೆ ಗ್ರೀನ್ ಕಾರ್ಡೂ ಹೋಗುತ್ತಾ?

ಪ್ರಶ್ನೆ: ಅಕ್ಕಾ, ಹೆಸರು ಹಾಕಬೇಡಿ. ನಾನು ನಾಪೋಕ್ಲು ಕಡೆಯವಳು. 2024ರ ಏಪ್ರಿಲ್‌ನಲ್ಲಿ ವಿರಾಜಪೇಟೆಯಲ್ಲಿ ಮದುವೆ ಆಯಿತು. ಗಂಡ ಅಮೆರಿಕದ ಸಿಟಿಜನ್. 2025ರ ಜುಲೈನಲ್ಲಿ ವೀಸಾ ಸಿಕ್ಕಿ ಟೆಕ್ಸಾಸ್‌ಗೆ ಬಂದೆ. ಕೊಟ್ಟ ಗ್ರೀನ್ ಕಾರ್ಡ್ ಎರಡೇ ವರ್ಷದ್ದು, 2027ರ ಜುಲೈಗೆ ಮುಗಿಯುತ್ತದೆ. ಹತ್ತು ತಿಂಗಳು ಒಟ್ಟಿಗಿದ್ದೆವು, ಸರಿಹೋಗಲಿಲ್ಲ. ಈಗ ಬೇರೆ ಮನೆ ಮಾಡಿದ್ದೇನೆ, ಕೆಲಸವೂ ಇದೆ. ಅವರು ಡಿವೋರ್ಸ್ ಹಾಕುತ್ತೇನೆ ಅನ್ನುತ್ತಾರೆ, ಜೊತೆಗೆ "ಒಂದು ಮೇಲ್ ಹಾಕಿದರೆ ನಿನ್ನ ಕಾರ್ಡ್ ಕ್ಯಾನ್ಸಲ್" ಅಂತ ಹೆದರಿಸುತ್ತಾರೆ. ಅಮ್ಮ, ಊರಿಗೆ ಬಾ, ಕಾಫಿ ಕೊಯ್ಲು ಮುಗಿಯುವ ತನಕ ಇಲ್ಲೇ ಇರು ಅನ್ನುತ್ತಾಳೆ. ಮಾವ ಒಬ್ಬರು, ಹೇಗಾದರೂ 2027ರ ತನಕ ಎಳೆ, ಇಬ್ಬರೂ ಸಹಿ ಹಾಕಿ ಕಾರ್ಡ್ ಪಕ್ಕಾ ಮಾಡಿಕೊಂಡು ಆಮೇಲೆ ಬಿಡು ಅಂದರು. ನನಗೆ ರಾತ್ರಿ ನಿದ್ದೆ ಇಲ್ಲ.

ಉತ್ತರ: ಮೊದಲು ಆ ಮೇಲ್ ವಿಷಯ ಮುಗಿಸೋಣ. ಅವರಿಗೆ ಆ ಅಧಿಕಾರ ಇಲ್ಲ. ಕಾರ್ಡ್ ಸಿಗುವ ಮೊದಲಾಗಿದ್ದರೆ ಅವರು ತಾವು ಹಾಕಿದ ಅರ್ಜಿಯನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು. ಈಗ ಆ ಕಾರ್ಡ್ ನಿಮ್ಮ ಹೆಸರಿನದು, ರದ್ದು ಮಾಡುವುದು ಬಿಡುವುದು ಸರ್ಕಾರದ ಕೆಲಸ, ಗಂಡನದ್ದಲ್ಲ. ಹಾಂ, "ಇವಳು ಕಾರ್ಡಿಗಾಗಿಯೇ ಮದುವೆಯಾದಳು" ಅಂತ ದೂರು ಬರೆಯಬಹುದು. ಬರೆಯಲಿ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇರುವ ಕಾಗದಗಳು, ಅದಕ್ಕೆ ಆಮೇಲೆ ಬರುತ್ತೇನೆ.

ಈ ಎರಡು ವರ್ಷದ ಕಾರ್ಡ್ ಯಾಕೆ ಅಂದರೆ, ಸುಳ್ಳು ಮದುವೆ ಮಾಡಿಕೊಂಡು ಬರುವವರನ್ನು ತಡೆಯಲು ಅಮೆರಿಕದವರು 1986ರಲ್ಲಿ ಒಂದು ಕಾನೂನು ತಂದರು. ಕಾಯಂ ನಿವಾಸ ಸಿಕ್ಕ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಷರತ್ತಿನ ಕಾರ್ಡ್. ಆ ಷರತ್ತು ತೆಗೆಸಲು ಅಲ್ಲಿನ ಇಮಿಗ್ರೇಶನ್ ಇಲಾಖೆಗೆ ಐ-751 ಅನ್ನುವ ಅರ್ಜಿ ಹಾಕಬೇಕು. ಗಂಡ ಹೆಂಡತಿ ಒಟ್ಟಿಗೆ ಹಾಕುವುದಾದರೆ ಕಾರ್ಡ್ ಮುಗಿಯುವ ಮುಂಚಿನ 90 ದಿನದೊಳಗೆ. ಒಬ್ಬರೇ ಹಾಕುವುದಕ್ಕೂ ದಾರಿ ಇದೆ, ಅದನ್ನು ವೇವರ್ ಅನ್ನುತ್ತಾರೆ: ಮದುವೆ ನಿಜವಾಗಿ ಆಗಿತ್ತು, ಆದರೆ ಡಿವೋರ್ಸ್‌ನಲ್ಲಿ ಮುಗಿಯಿತು, ಅಷ್ಟೇ. ಇದಕ್ಕೆ ಆ 90 ದಿನದ ಲೆಕ್ಕವೂ ಇಲ್ಲ, ಡಿಕ್ರಿ, ಅಂದರೆ ಡಿವೋರ್ಸ್ ಆಯಿತು ಅನ್ನುವ ಕೋರ್ಟಿನ ಆದೇಶ, ಕೈಗೆ ಬಂದ ಮಾರನೇ ದಿನವೇ ಹಾಕಬಹುದು. ಗಂಡನ ಸಹಿ ಬೇಡ. ತಪ್ಪು ಯಾರದ್ದು, ಕೋರ್ಟಿಗೆ ಮೊದಲು ಹೋದವರು ಯಾರು ಅನ್ನುವುದೂ ಮುಖ್ಯ ಅಲ್ಲ. ಮದುವೆ ಆಗುವಾಗ ಒಟ್ಟಿಗೆ ಬದುಕುವ ಮನಸ್ಸಿತ್ತಾ, ಅದನ್ನು ಮಾತ್ರ ನೋಡುತ್ತಾರೆ.

ಹಾಗಾಗಿ ನಿಮ್ಮ ಮಾವನ ಸಲಹೆ ನನಗೆ ಒಪ್ಪಿಗೆ ಇಲ್ಲ. ಬೇರೆ ಇರುವವರು ಜಂಟಿ ಅರ್ಜಿ ಹಾಕಲೇಬಾರದು ಅಂತೇನಿಲ್ಲ, ಇಬ್ಬರೂ ಒಪ್ಪಿ, ಬೇರೆ ಇದ್ದೇವೆ ಅಂತ ನಿಜ ಬರೆದು ಹಾಕಬಹುದು. ಆದರೆ ಒಟ್ಟಿಗಿದ್ದೇವೆ ಅಂತ ಸುಳ್ಳು ಬರೆದು ಸಹಿ ಹಾಕಿದರೆ, ನಿಜವಾಗಿದ್ದ ಮದುವೆಯೂ ಸುಳ್ಳಿನ ಹಾಗೆ ಕಾಣುತ್ತದೆ. ಅದೂ ಅಲ್ಲದೆ ಈಗಲೇ ಹೆದರಿಸುತ್ತಿರುವ ಮನುಷ್ಯನ ಸಹಿಗಾಗಿ ಇನ್ನೊಂದು ವರ್ಷ ಕಾಯುವುದು ಯಾವ ಲೆಕ್ಕ? ನಿಮ್ಮ ವಿಷಯದಲ್ಲಿ ಡಿವೋರ್ಸ್ ಬೇಗ ಮುಗಿದಷ್ಟೂ ಒಳ್ಳೆಯದು. ಟೆಕ್ಸಾಸ್‌ನಲ್ಲಿ ಗಂಡ ಹೆಂಡತಿಯಲ್ಲಿ ಒಬ್ಬರು ಆರು ತಿಂಗಳು ಆ ರಾಜ್ಯದಲ್ಲಿ, 90 ದಿನ ಆ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಇದ್ದಿದ್ದರೆ ಕೇಸು ಹಾಕಬಹುದು, ಹಾಕಿದ ಮೇಲೆ ಸಾಮಾನ್ಯವಾಗಿ ಕನಿಷ್ಠ 60 ದಿನ ಕಾಯಬೇಕು. ಅವರು ಬರೀ ಬಾಯಲ್ಲಿ ಹೇಳುತ್ತಾ ಕೂತರೆ ನೀವೇ ಹಾಕಿ. ಮಡಿಕೇರಿಯಲ್ಲೇ ಒಪ್ಪಿಗೆಯ ವಿಚ್ಛೇದನ ತೆಗೆದುಕೊಳ್ಳೋಣ ಅಂದರೆ, ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು. ಈ ಆರು ತಿಂಗಳನ್ನು ಕೋರ್ಟ್ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ, ಆದರೂ ನಿಮ್ಮ 2027ರ ಜುಲೈ ಹತ್ತಿರ ಬಂದುಬಿಡುತ್ತದೆ. ಊರಿನ ಹಿರಿಯರ ಮುಂದೆ ಬಿಡುಗಡೆ ಪತ್ರ ಬರೆಸಿದರೆ ಸಾಕಲ್ವಾ ಅಂತ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನೀವು ಕೋರ್ಟಿನ ಡಿಕ್ರಿಯನ್ನೇ ನಂಬಿ.

ಡಿಕ್ರಿ ಬರುವ ಮೊದಲೇ ಕಾರ್ಡಿನ ಗಡುವು ಬಂದರೆ ಸುಮ್ನೆ ಕೂರಬೇಡಿ. ಡಿವೋರ್ಸ್ ನಡೆಯುತ್ತಿದೆ ಅಂತ ಕೇಸಿನ ಕಾಗದ ಸೇರಿಸಿ ಅರ್ಜಿ ಹಾಕಿಬಿಡಿ. ಡಿಕ್ರಿ ಕಳಿಸಿ ಅಂತ ಪತ್ರ ಬರುತ್ತದೆ, ಅದರಲ್ಲಿರುವ ಗಡುವಿನೊಳಗೆ ಕಳಿಸಬೇಕು, ತಪ್ಪಿದರೆ ಅರ್ಜಿ ತಿರಸ್ಕಾರ ಆಗಬಹುದು. ಅರ್ಜಿಯ ಶುಲ್ಕ 2024ರ ಏಪ್ರಿಲ್‌ನಲ್ಲಿ 750 ಡಾಲರ್ ಆಯಿತು, ಕಟ್ಟುವ ಮೊದಲು ಒಮ್ಮೆ ನೋಡಿಕೊಳ್ಳಿ. ಹಾಕಿದ ಮೇಲೆ ಬರುವ ರಸೀದಿ ಪತ್ರವನ್ನು ಚಿನ್ನದ ಹಾಗೆ ಕಾಪಾಡಿ. 2023ರಿಂದ ಆ ಪತ್ರ ಕಾರ್ಡನ್ನು 48 ತಿಂಗಳು ಮುಂದುವರಿಸುತ್ತಿದೆ, ಹಳೇ ಕಾರ್ಡ್ ಜೊತೆ ತೋರಿಸಿದರೆ ಕೆಲಸಕ್ಕೂ ಆಗುತ್ತದೆ, ಪ್ರಯಾಣಕ್ಕೂ ಆಗುತ್ತದೆ.

ಈಗ ಕಾಗದಗಳ ವಿಷಯ. ಎಲ್ಲಕ್ಕಿಂತ ತೂಕ ಇರುವುದು ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಒಟ್ಟಿಗೆ ಸಲ್ಲಿಸಿದ ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್‌ನಲ್ಲಿ ಒಬ್ಬರ ಹೆಸರು ಇನ್ನೊಬ್ಬರ ಪಾಲಿಸಿಯಲ್ಲಿ ಇರುವುದು. ಇಬ್ಬರನ್ನೂ ಬಲ್ಲ ಇಬ್ಬರಾದರೂ ಕಣ್ಣಾರೆ ಕಂಡದ್ದನ್ನು ಬರೆದುಕೊಟ್ಟರೆ ಒಳ್ಳೆಯದು. "ಒಳ್ಳೆಯ ಜೋಡಿ" ಅಂತ ಬರೆದರೆ ಉಪಯೋಗ ಇಲ್ಲ. ಇಂಥ ತಿಂಗಳು ಅವರ ಮನೆಗೆ ಊಟಕ್ಕೆ ಹೋಗಿದ್ದೆ, ಅವನು ಅಕ್ಕಿರೊಟ್ಟಿ ತಟ್ಟಲು ಹೋಗಿ ಹರಿದು ಹಾಕಿದ, ಇವಳು ನಕ್ಕಳು, ಅಂತ ಬರೆಯಲಿ. ಅಮ್ಮ ಕಾಚಂಪುಳಿ, ಕರಿಮೆಣಸು ಕಟ್ಟಿ ಕಳಿಸಿದ ಪಾರ್ಸೆಲ್ ಇತ್ತಾ? ಆ ಕೊರಿಯರ್ ಚೀಟಿಯ ಮೇಲೆ ಇಬ್ಬರ ಹೆಸರೂ ಇದ್ದರೆ ಅದನ್ನೂ ಎತ್ತಿಡಿ. ಟ್ಯಾಕ್ಸ್ ರಿಟರ್ನ್‌ನಷ್ಟು ತೂಕ ಅದಕ್ಕಿಲ್ಲ, ಆದರೆ ಸಂಸಾರ ನಡೆದಿತ್ತು ಅನ್ನುವುದು ಅಂಥ ಚೀಟಿಯಲ್ಲಿ ಕಾಣುತ್ತದೆ. ಅವರ ಜೊತೆ ಸೇರಿದ ಖಾತೆಗಳ ಸ್ಟೇಟ್‌ಮೆಂಟ್‌ಗಳನ್ನು ಇವತ್ತೇ ಇಳಿಸಿಕೊಳ್ಳಿ, ನಾಳೆ ಪಾಸ್‌ವರ್ಡ್ ಬದಲಾಗಬಹುದು.

ಮದುವೆ ಆಲ್ಬಮ್ ನಾಪೋಕ್ಲಿನ ಮನೆಯಲ್ಲೇ ಇದೆ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಅಮ್ಮನಿಗೆ ಇವತ್ತೇ ಫೋನ್ ಮಾಡಿ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ, ಬೀರುವಿನೊಳಗಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ನನ್ನದೇ ಆಲ್ಬಮ್ ಒಂದು ಆಗಸ್ಟ್‌ನಲ್ಲಿ ತೆಗೆದರೆ ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಅತ್ತೆಯ ಅರ್ಧ ಮುಖ ಎದುರಿನ ಹಾಳೆಗೆ ಹೋಯಿತು. ಫೋಟೋಗಳನ್ನು, ರಿಜಿಸ್ಟ್ರಾರ್ ಕೊಟ್ಟ ಮದುವೆ ಸರ್ಟಿಫಿಕೇಟನ್ನು, ಕರೆಯೋಲೆಯನ್ನು ಸ್ಕ್ಯಾನ್ ಮಾಡಿಸಿ ಕಳಿಸಲಿ.

ಊರಿಗೆ ಬರುವುದರ ಬಗ್ಗೆ. ಹುತ್ತರಿಗೆ ಬಂದು ಮೂರ್ನಾಲ್ಕು ವಾರ ಇದ್ದು ಹೋಗುವುದಕ್ಕೆ ಅಡ್ಡಿಯಿಲ್ಲ. ಕೊಯ್ಲು ಮುಗಿಯುವ ತನಕ ಅಂದರೆ ಮಾರ್ಚ್ ಆಗುತ್ತದೆ, ಅಷ್ಟರಲ್ಲಿ ಅಲ್ಲಿ ಕೋರ್ಟಿನ ತಾರೀಖು ತಪ್ಪುತ್ತದೆ, ಪತ್ರ ಬಂದು ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಆರು ತಿಂಗಳು ದಾಟಿದರೆ ಏರ್‌ಪೋರ್ಟ್‌ನಲ್ಲಿ ಪ್ರಶ್ನೆ ಜಾಸ್ತಿ. ಒಂದು ವರ್ಷ ದಾಟಿದರೆ ಆ ಕಾರ್ಡ್ ತೋರಿಸಿ ಒಳಗೆ ಹೋಗಲು ಆಗುವುದಿಲ್ಲ, ಮೊದಲೇ ರೀ-ಎಂಟ್ರಿ ಪರ್ಮಿಟ್ ಬೇಕು, ಅದರ ಅರ್ಜಿಯನ್ನು ಅಲ್ಲಿದ್ದಾಗಲೇ ಹಾಕಬೇಕು. ಮನೆ ಬದಲಾಯಿಸಿದ್ದೀರಿ ಅಲ್ವಾ, 10 ದಿನದೊಳಗೆ ಇಮಿಗ್ರೇಶನ್ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕಿತ್ತು. ಮಾಡಿಲ್ಲದಿದ್ದರೆ ಈ ಪತ್ರಿಕೆ ಕೆಳಗಿಟ್ಟು ಮೊದಲು ಆ ಕೆಲಸ ಮಾಡಿ.

ಕೋರ್ಟ್ ನೋಟಿಸ್ ಬಂದರೆ ಹೋಗಿ ಉತ್ತರ ಕೊಡಿ. ನೀವು ಹೋಗದೆ ಒಂದೇ ಕಡೆಯವರ ಮಾತು ಕೇಳಿ ಕೊಟ್ಟ ವಿದೇಶಿ ಡಿಕ್ರಿ ಇಲ್ಲಿ ನಿಲ್ಲದೆ ಹೋಗಬಹುದು, 1991ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಇಬ್ಬರೂ ಒಪ್ಪಿ ತೆಗೆದುಕೊಂಡರೆ ಆ ತೊಂದರೆ ಇಲ್ಲ. ಡಿಕ್ರಿಯ ದೃಢೀಕೃತ ಪ್ರತಿ ತೆಗೆದು ಅಪೋಸ್ಟಿಲ್ (ಬೇರೆ ದೇಶದಲ್ಲೂ ಕಾಗದ ನಡೆಯಲು ಹಾಕುವ ಸರ್ಕಾರಿ ಮುದ್ರೆ) ಮಾಡಿಸಿಡಿ, ಮುಂದೆ ಊರಲ್ಲಿ ಇನ್ನೊಂದು ಮದುವೆ ಆಗುವುದಾದರೆ ಬೇಕಾಗುತ್ತದೆ.

ಇನ್ನೊಂದು ಮಾತು, ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಹೊಡೆತ, ಹಿಂಸೆ ಏನಾದರೂ ಇತ್ತಾ? ಇದ್ದರೆ ಅದಕ್ಕೆ ಬೇರೆಯೇ ವೇವರ್ ಇದೆ, ಡಿಕ್ರಿಗೆ ಕಾಯಬೇಕಿಲ್ಲ. ಅಲ್ಲಿನ ಸಹಾಯವಾಣಿ 1-800-799-7233, ಹಗಲು ರಾತ್ರಿ ಇರುತ್ತದೆ. ಕೊನೆಗೆ, ಅರ್ಜಿಯನ್ನು ಇಮಿಗ್ರೇಶನ್ ವಕೀಲರಿಗೆ ತೋರಿಸಿಯೇ ಹಾಕಿ, ಲಕ್ಷಗಟ್ಟಲೆ ಕೇಳಿ "ನಾನು ಮಾಡಿಸಿಕೊಡುತ್ತೇನೆ" ಅನ್ನುವ ಏಜೆಂಟರಿಗೆ ಕೊಡಬೇಡಿ.

ಪ್ರಶ್ನೆ: ನನ್ನ ಮಗನದ್ದು ಹತ್ತು ವರ್ಷದ ಕಾರ್ಡ್, ಹೆಂಡತಿ ಮೂಲಕ ಸಿಕ್ಕಿದ್ದು. ಹೋದ ವರ್ಷ ಡಿವೋರ್ಸ್ ಆಯಿತು. ಸರ್ಕಾರಕ್ಕೆ ತಿಳಿಸಬೇಕಾ? ಕಾರ್ಡ್ ಹೋಗುತ್ತಾ? (ಒಬ್ಬ ತಂದೆ, ಸೋಮವಾರಪೇಟೆ)

ಉತ್ತರ: ಹೋಗುವುದಿಲ್ಲ ಸರ್. ಡಿವೋರ್ಸ್ ಆಯಿತು ಅಂತ ಹೇಳಿಕೊಂಡು ಹೋಗಬೇಕಾಗಿಯೂ ಇಲ್ಲ. ಕಾರ್ಡಿನ ಅವಧಿ ಮುಗಿಯುವಾಗ ಐ-90 ಅರ್ಜಿ ಹಾಕಿದರೆ ಹೊಸದು ಬರುತ್ತದೆ, ಅದಕ್ಕೆ ಹೆಂಡತಿ ಬೇಡ. ಬದಲಾಗುವುದು ಸಿಟಿಜನ್‌ಶಿಪ್ ಲೆಕ್ಕ ಮಾತ್ರ. ಅಮೆರಿಕನ್ ಹೆಂಡತಿ ಜೊತೆ ಸಂಸಾರ ಮಾಡುತ್ತಿದ್ದರೆ ಮೂರು ವರ್ಷಕ್ಕೆ ಅರ್ಜಿ ಹಾಕಬಹುದಿತ್ತು, ಇನ್ನು ಎಲ್ಲರ ಹಾಗೆ ಐದು ವರ್ಷ. ತೋಟ ನೋಡಿಕೊಳ್ಳಲು ಅವನನ್ನು ವರ್ಷಗಟ್ಟಲೆ ಇಲ್ಲಿ ಇಟ್ಟುಕೊಳ್ಳಬೇಡಿ. ಡಿವೋರ್ಸ್‌ಗಿಂತ ಅದೇ ಕಾರ್ಡಿಗೆ ಅಪಾಯ.

ಪ್ರಶ್ನೆ: ನನಗೆ ಒಂದು ಸಂಬಂಧ ಬಂದಿದೆ. ಹುಡುಗಿ ಡಿವೋರ್ಸಿ, ಮೊದಲ ಗಂಡನಿಂದ ಗ್ರೀನ್ ಕಾರ್ಡ್ ಸಿಕ್ಕಿ ಮೂರು ವರ್ಷ ಆಗಿದೆ. ಮದುವೆಯಾದರೆ ನನಗೂ ಬೇಗ ಸಿಗುತ್ತದೆ ಅಂತ ಬ್ರೋಕರ್ ಹೇಳುತ್ತಾರೆ, ನಿಜವಾ? (ಕುಶಾಲನಗರ)

ಉತ್ತರ: ಬ್ರೋಕರ್ ಹೇಳಿದ "ಬೇಗ" ಸ್ವಲ್ಪ ಜಾಸ್ತಿ ಆಯಿತು. ಮದುವೆಯಿಂದ ಕಾರ್ಡ್ ಪಡೆದವರು ಐದು ವರ್ಷದೊಳಗೆ ಹೊಸ ಗಂಡನಿಗೆ ಅರ್ಜಿ ಹಾಕಿದರೆ, ಹಳೇ ಮದುವೆ ನಿಜವಾಗಿತ್ತು ಅಂತ ಗಟ್ಟಿ ಸಾಕ್ಷಿ ಕೊಟ್ಟು ಮತ್ತೆ ತೋರಿಸಬೇಕು. ಅದಾದರೂ ಗ್ರೀನ್ ಕಾರ್ಡ್ ಇರುವವರ ಸಂಗಾತಿಗೆ ವೀಸಾ ಸರದಿ ಇರುತ್ತದೆ. ಅವರು ಸಿಟಿಜನ್ ಆದ ಮೇಲೆ ಆ ಸರದಿ ಇಲ್ಲ, ಐದು ವರ್ಷದ ತೊಡಕೂ ಇಲ್ಲ. ಹುಡುಗಿಗೆ ಫೋನ್ ಮಾಡಿ ಷರತ್ತು ತೆಗೆಸಿದ್ದು ಆಗಿದೆಯಾ, ಡಿಕ್ರಿ ಕೈಯಲ್ಲಿದೆಯಾ ಅಂತ ಕೇಳಬಹುದು, ತಪ್ಪೇನಿಲ್ಲ. ಆದರೆ ಮೊದಲ ಫೋನಿನಲ್ಲೇ ಕೇಳಬೇಡಿ ಮಾರಾಯ್ರೇ.